ಜಯಮಾಲಾ ಮತ್ತು ಕೈ ಚಾಚಿದ ಹುಡುಗಿ

ಜಯಮಾಲಾ ತೀರಿಕೊಂಡಾಗ ಮಕ್ಕಳ ಇಲಾಖೆ ಎರಡು ನಿಮಿಷ ಮೌನ ಆಚರಿಸಿತು. ಬದುಕಿದ್ದಾಗ ಅವಳ ಅರ್ಜಿಗಳಿಗೆ ಅದು ಆಚರಿಸುತ್ತಿದ್ದ ಮೌನದ ಮುಂದೆ ಇದು ಏನೇನೂ ಅಲ್ಲ. ಬೀದರಿನವಳು, ನಾಶಿಕದ ಒಂದು ಸರಕಾರಿ ಬಾಲಗೃಹದಲ್ಲಿ ಆಪ್ತಸಮಾಲೋಚಕಿ. ಅಂದರೆ ಮಕ್ಕಳ ಜೊತೆ ಮಾತಾಡುವುದಕ್ಕೆ ಸಂಬಳ, ಮಕ್ಕಳ ಪರವಾಗಿ ಮಾತಾಡಿದ್ದಕ್ಕೆ ಮೆಮೊ.

ಕಳೆದ ವರ್ಷ ರೈಲ್ವೆ ಪೊಲೀಸರು ನಾಶಿಕ್ ರೋಡ್ ನಿಲ್ದಾಣದಿಂದ ಎಂಟರ ಆಸುಪಾಸಿನ ಹುಡುಗಿಯೊಬ್ಬಳನ್ನು ತಂದು ಬಿಟ್ಟರು. ಅವಳು ಬಾಯಿ ಬಿಡಲಿಲ್ಲ. ಮರಾಠಿಯಲ್ಲಿ ಕೇಳಿದರು, ಹಿಂದಿಯಲ್ಲಿ ಗದರಿದರು, ಇಂಗ್ಲಿಷಿನಲ್ಲಿ ಬರೆದುಕೊಂಡರು. ಆಫೀಸಿನ ರೂಢಿ ಬಿಡದೆ ಜಯಮಾಲಾಳೂ ಮರಾಠಿಯಲ್ಲೇ ಮುದ್ದು ಮಾಡಿದಳು. ಊಟಕ್ಕೆ ಕೂರಿಸಿದರೆ ಹುಡುಗಿ ತಾಟು ಮುಟ್ಟಳು; ಅಂಗೈ ಚಾಚಿಕೊಂಡು ಕೂತಿರುತ್ತಿದ್ದಳು. ಆಯಾ ಬಲವಂತವಾಗಿ ಕುಡಿಸಿದ ಹಾಲಷ್ಟೇ ಹೊಟ್ಟೆಗೆ ಹೋಗುತ್ತಿತ್ತು.

ಅಧೀಕ್ಷಕ ಸುಹಾಸ ಸಾಹೇಬರಿಗೆ ಅಷ್ಟೇ ಸಾಕಾಯಿತು. ಭಿಕ್ಷೆ ಬೇಡುವ ಟೋಳಿಯ ಮಗು ಎಂದು ತೀರ್ಮಾನಿಸಿ, ಅಂಥ ಮಕ್ಕಳಿಗೆಂದೇ ಸಂಭಾಜಿನಗರದಲ್ಲಿದ್ದ ಗೃಹಕ್ಕೆ ಕಳಿಸಲು ಆದೇಶ ತರಿಸಿದರು. ಅಲ್ಲಿ ಸೇರಿದ ಮಗುವನ್ನು ಹುಡುಕಿಕೊಂಡು ತಂದೆತಾಯಿ ಬಂದರೆ, ಬೇಡಿಸಿದವರು ನೀವೇ ಎಂದು ಮೊದಲು ಠಾಣೆಯ ದಾರಿ ತೋರಿಸುತ್ತಿದ್ದರು. ಮಕ್ಕಳ ಹಿತಕ್ಕಾಗಿ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಜಯಮಾಲಾ ಆ ಕೈಯನ್ನು ಸರಿಯಾಗಿ ನೋಡಿದಳು. ಎಡಗೈ. ಅದು ಯಾರ ಕಡೆಗೂ ಚಾಚಿರಲಿಲ್ಲ, ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಹುಡುಗಿಯ ಕಣ್ಣು ಬರಿದಾದ ಅಂಗೈಯಲ್ಲೇ ನೆಟ್ಟಿತ್ತು. ಬೀದರಿನಲ್ಲಿ ಜಯಮಾಲಾಳ ಅಜ್ಜಿಯೂ ದಿನಾ ಹೀಗೇ ಕೂತು, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸಿದ ಮೇಲೆಯೇ ಉಣ್ಣುತ್ತಿದ್ದಳು. ಜಯಮಾಲಾಳ ಸ್ವಂತ ಲಿಂಗ ನಾಶಿಕದ ಹತ್ತಿರದ ಓಝರಿನಲ್ಲಿದ್ದ ಮನೆಯ ಬೀರುವಿನಲ್ಲಿ, ಪಾಸ್‌ಪೋರ್ಟಿನ ಪಕ್ಕದಲ್ಲಿ, ಬಹಳ ಸುರಕ್ಷಿತವಾಗಿತ್ತು.

"ರಾಧಾಬಾಯಿ, ಇವಳ ಕೊರಳಲ್ಲಿ ಏನಾದರೂ ಇತ್ತಾ?" ಎಂದು ಆಯಾಳನ್ನು ಕೇಳಿದಳು.

"ದಾರಕ್ಕೆ ಕಟ್ಟಿದ ಡಬ್ಬಿ ಇತ್ತು ತಾಯಿ. ಕೊರಳಲ್ಲಿ ದಾರ ಇರಬಾರದಲ್ಲ, ಕತ್ತರಿಸಿ ಸಾಹೇಬರ ಕಪಾಟಿಗೆ ಹಾಕಿದೆ."

ಕಪಾಟಿನ ಕೀಲಿ ಕೇಳಿದರೆ ಸಾಹೇಬರು ಕುರ್ಚಿ ಬಿಟ್ಟು ಏಳಲಿಲ್ಲ. "ಅಹೋ ಮ್ಯಾಡಮ್, ನಾಳೆ ಹೋಗುವ ಹುಡುಗಿ. ನಿಯಮ ಅಂದರೆ ನಿಯಮ."

"ನಿಯಮ ಇರೋದು ಕೊರಳಿಗೆ ಸಾಹೇಬ್ರೆ. ಕೈಯಲ್ಲಿ ಕೊಡ್ತೀನಿ."

ಅಂಗೈಯ ಬಗ್ಗೆ ಸರಕಾರ ಏನೂ ಹೇಳಿರಲಿಲ್ಲ. ಆ ಲೋಪಕ್ಕೆ ಮರುಗುತ್ತಲೇ ಸಾಹೇಬರು ಕೀಲಿಕೈ ಕೊಟ್ಟರು.

ಜಯಮಾಲಾ ನೆಲದ ಮೇಲೆ ಕೂತು ಲಿಂಗದ ಕರಡಿಗೆ ಮುಂದಿಟ್ಟು, ಮರಾಠಿ ಬಿಟ್ಟು ಬೀದರಿನ ಕನ್ನಡಕ್ಕೆ ಇಳಿದಳು. "ತಗೊ ಅವ್ವಿ, ನಿನ್ನ ಲಿಂಗ. ಪೂಜಿ ಮಾಡ್ಕೊ. ಹಸದಿಲ್ಲೇನು?"

ಹುಡುಗಿ ಅವಳ ಬಾಯನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಪೂಜೆ ಮುಗಿಸಿ ಗಬಗಬನೆ ತಿಂದಳು. ನಾಲ್ಕು ತುತ್ತಾದ ಮೇಲೆ ಮೊದಲ ಮಾತು ಬಂತು: "ದಾಲಿಗಿ ಉಪ್ಪೇ ಇಲ್ಲ."

"ಸರಕಾರದ್ದು ಅದ, ಹಂಗೇ ಇರ್ತದ. ನಿನ್ನ ಹೆಸರು?"

"ಮಲಕವ್ವ. ನಮ್ಮಪ್ಪ ಶಿವಲಿಂಗ. ಬಿಡಕಿನ್‌ದಾಗ ಫ್ಯಾಕ್ಟ್ರಿ ಕಟ್ಟಲತ್ಯಾನ. ಊರಿಗಿ ಹೋಗ್ಲಾಕ ಸೀಟ್ ಹಿಡೀ ಅಂದ. ನಾ ಓಡಿ ಬ್ಯಾರೆ ಗಾಡಿ ಹತ್ತಿದೆ, ಬಿಟ್ಟೇಬಿಡ್ತು."

ಆ ಸಂಜೆಯೆಲ್ಲ ಜಯಮಾಲಾ ಸಂಭಾಜಿನಗರದ ಪಕ್ಕದ ಬಿಡಕಿನ್‌ನ ಒಬ್ಬೊಬ್ಬ ಗುತ್ತಿಗೆದಾರನಿಗೂ ಫೋನ್ ಮಾಡಿದಳು. ಶಿವಲಿಂಗ ಸಿಕ್ಕ, ಫೋನಿನಲ್ಲೇ ಅತ್ತ. ಆದರೆ ಆದೇಶ ಹೊರಡಿಸುವಷ್ಟು ಸುಲಭವಾಗಿ ಇಲಾಖೆ ಅದನ್ನು ರದ್ದು ಮಾಡುವುದಿಲ್ಲ. ಸಾಹೇಬರು ದಾರಿ ಹುಡುಕಿದರು: ಮಗು ಕಾಗದದ ಮೇಲೆ ಭಿಕ್ಷುಕರ ಗೃಹಕ್ಕೆ ಸೇರಲಿ, ಅಲ್ಲಿಂದಲೇ ಬಿಡುಗಡೆಯಾಗಲಿ.

ಮರುದಿನ ವ್ಯಾನು ಸಂಭಾಜಿನಗರದ ಗೃಹದ ಮುಂದೆ ನಿಂತಾಗ ಮಲಕವ್ವನ ಕೈ ಹಿಡಿದುಕೊಂಡು ಇಳಿದ ಜಯಮಾಲಾ ಗೇಟು ದಾಟಲಿಲ್ಲ. ಅವಳು ಫೋನಿನಲ್ಲಿ ಹೇಳಿದ್ದಂತೆ ಶಿವಲಿಂಗನೂ ಹೊರಗೇ ಕಾಯುತ್ತಿದ್ದ.

"ಮಗು ಒಳಗೆ ಬರಬೇಕು" ಎಂದ ಗುಮಾಸ್ತ.

"ಕಾಗದ ಬಂದದಲ್ರಿ, ಅದನ್ನೇ ಒಳಗ ಕೂಡಿಸ್ರಿ" ಎಂದಳು, ಮರಾಠಿ ಮರೆತವಳಂತೆ.

ಒಳಗೆ ಮಲಕವ್ವನನ್ನು ಭಿಕ್ಷುಕಿಯೆಂದು ಸೇರಿಸಿಕೊಂಡು, ಸುಧಾರಿಸಿದಳೆಂದು ಬರೆದು, ಬಿಡುಗಡೆಯ ಮುದ್ರೆ ಒತ್ತುವ ಹೊತ್ತಿಗೆ ಅವಳು ಹೊರಗೆ ಬೇವಿನ ನೆರಳಿನಲ್ಲಿ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.