ಆರತಿ ಎತ್ತುವ ಮೊದಲು

ಸರಕಾರದ ದುಡ್ಡು ಹುಡುಗಿಯರಿಗೆಂದು ಬಂತು, ಗಂಡಸರ ಹೆಗಲ ಮೇಲೆ ಶಾಲುಗಳಾಗಿ ಕುಳಿತಿತು. ಆ ದಿನ ನಮ್ಮೂರ ಶಾಲೆಯಲ್ಲಿ ನಡೆದದ್ದು ಇಷ್ಟೇ. ಬೇರೆ ಯಾರಾದರೂ ಬೇರೆ ಏನಾದರೂ ಹೇಳಿದರೆ ನಂಬಬೇಡಿ. ನಾನು ಮುಂದಿನ ಜಮಖಾನೆಯ ಮೇಲೆಯೇ ಕುಳಿತಿದ್ದೆ.

ನಮ್ಮದು ಖಾನಾಪುರದ ಹತ್ತಿರದ ಹಳ್ಳಿ. ಮದುವೆಗೆ ಮುಂಚೆ, ವಯಸ್ಸಿಗೆ ಮುಂಚೆ ಹುಡುಗಿಯರು ಬಸಿರಾಗಬಾರದು, ಅದಕ್ಕೆ ಅವರಿಗೆ ಮೈಯ ವಿಷಯ ಬಿಡಿಸಿ ಹೇಳಬೇಕು ಎಂದು ಸರಕಾರ ಆ ದುಡ್ಡು ಕೊಟ್ಟಿತ್ತು. ಹೇಳಬೇಕಾದವಳು ನಮ್ಮ ಕಡೆ ಮನೆಮನೆ ತಿರುಗುವ ನರ್ಸಬಾಯಿ. ಆದರೆ ಶಾಮಿಯಾನ ಬಂತು, ಮೈಕು ಬಂತು, ಬ್ಯಾನರು ಬಂತು. ಬ್ಯಾನರಿನ ತುಂಬ ಗಂಡಸರ ಮುಖ. ಒಬ್ಬೊಬ್ಬರಿಗೂ ಶಾಲು, ಹಾರ, ಭಾಷಣ. ಭಾಷಣದಲ್ಲಿ ಸಂಸ್ಕೃತಿ ಬಂತು, ಹೆಣ್ಣು ದೇವತೆ ಎಂಬುದು ಬಂತು, ಬಸಿರು ಮಾತ್ರ ಬರಲಿಲ್ಲ. ನರ್ಸಬಾಯಿಯ ಕೈಗೆ ಮೈಕು ಸಿಗುವಾಗ ಉಪ್ಪಿಟ್ಟಿನ ವಾಸನೆ ಬಂದಿತ್ತು, ಎಲ್ಲರ ಕಣ್ಣು ಆ ಕಡೆ. ಎದುರಿಗೆ ಊರ ಗಂಡಸರೆಲ್ಲ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದರು. ಪಾಪ, ಅವಳು "ಸ್ವಚ್ಛ ಇರ್ರಿ, ತಪ್ಪಲ ಪಲ್ಲೆ ತಿನ್ರಿ" ಎಂದು ಹೇಳಿ ಇಳಿದುಬಿಟ್ಟಳು. ಚಪ್ಪಾಳೆ ಹೊಡೆದರು.

ನನಗೆ ಸಿಟ್ಟು ಬಂದದ್ದು ಸುಮ್ಮನೆ ಅಲ್ಲ. ಹೋದ ವರ್ಷ ನನ್ನ ಮೊಮ್ಮಗಳ ಜೊತೆ ಶಾಲೆಗೆ ಹೋಗುತ್ತಿದ್ದ ಹುಡುಗಿಯ ಹೊಟ್ಟೆ ಉಬ್ಬಿತು. ಅವಳ ಅವ್ವ ವಾಯು ಎಂದು ತಿಳಿದು ದಿನಾ ಓಮಿನ ಕಾಳು ಕುದಿಸಿದ ನೀರು ಕುಡಿಸಿದಳು. ನಮ್ಮದು ಕುರಿ ಕಾಯ್ದ ಊರು. ಕುರಿ ಗಬ್ಬವಾಗಿದೆ ಎಂದು ನಡಿಗೆ ನೋಡಿಯೇ ಹೇಳುತ್ತೇವೆ, ಅದು ಈಯುವುದನ್ನು ನಮ್ಮ ಮಕ್ಕಳು ರೊಟ್ಟಿ ತಿನ್ನುತ್ತ ನೋಡುತ್ತವೆ. ಅಂಥ ಊರಿನಲ್ಲಿ ಒಂದು ಹುಡುಗಿಯ ಹೊಟ್ಟೆ ಯಾರಿಗೂ ತಿಳಿಯಲಿಲ್ಲ. ಆ ಹುಡುಗಿಗೂ ತಿಳಿದಿರಲಿಲ್ಲ. ಬೆಳಗಾವಿಗೆ, ನೆಹರು ನಗರದ ಆಸ್ಪತ್ರೆಗೆ ಕರೆದೊಯ್ಯುವಾಗ ಜೀಪಿನಲ್ಲಿ ನಾನೂ ಇದ್ದೆ. ದಾರಿಯುದ್ದಕ್ಕೂ ಅವಳು ನನ್ನನ್ನು ಕೇಳಿದ್ದು ಒಂದೇ, "ಆಯಿ, ನಂಗ ಏನಾಗೈತಿ?" ಜೀವ ಉಳಿಯಿತು. ಶಾಲೆ ಉಳಿಯಲಿಲ್ಲ.

ನನ್ನ ಮೊಮ್ಮಗಳು ಹಾಗೆ ಕೇಳುವ ದಿನ ಬರಬಾರದು. ನನಗೆ ಇದ್ದದ್ದು ಇದೊಂದೇ ಚಿಂತೆ.

ಶಾಲೆಯ ಸಮಾರಂಭದ ವಾರವೇ ಮೊಮ್ಮಗಳು ದೊಡ್ಡವಳಾದಳು. ಬಚ್ಚಲಿನಿಂದ ಚೀರಿಕೊಂಡು ಓಡಿ ಬಂದವಳು ನನ್ನ ಸೆರಗು ಹಿಡಿದು, "ಆಯಿ, ನಂಗೂ ಆಕಿಗತೆ ಆತೇನ?" ಎಂದಳು. ನಾನು ನೇರ ನರ್ಸಬಾಯಿಯ ಮನೆಗೆ ನಡೆದೆ.

"ತಂಗಿ, ಆ ಪಾಠ ಮತ್ತೊಮ್ಮೆ ಹೇಳಬೇಕು."

"ಎಲ್ಲಿ ಹೇಳ್ಲಿ ಆಯಿ? ಕಾರ್ಯಕ್ರಮ ಆತು ಅಂತ ಮ್ಯಾಲೆ ವರದಿ ಕಳಿಸ್ಯಾರ. ದುಡ್ಡೆಲ್ಲ ಶಾಮಿಯಾನಕ್ಕ ಹೋತು."

"ದುಡ್ಡು ಯಾತಕ್ಕ ಬೇಕು? ನಮ್ಮ ಹುಡುಗಿ ದೊಡ್ಡಾಕಿ ಆಗ್ಯಾಳ, ರವಿವಾರ ಆರತಿ ಐತಿ. ಊರ ಹೆಂಗಸರೆಲ್ಲ ಹೆಣ್ಣುಮಕ್ಕಳನ್ನ ಕರಕೊಂಡ ಬರ್ತಾರ. ಗಂಡಸರು ಒಳಗ ಬರಂಗಿಲ್ಲ. ನಿನ್ನ ಪಾಠದ ಚಿತ್ರ ತಗೊಂಡು ಬಾ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನನಗೂ ನಗು ಬಂತು. ಆ ದಿನದಿಂದ ರವಿವಾರದ ತನಕ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಮನೆಗೆ ಹೋಗಿ ಕುಂಕುಮ ಹಚ್ಚಿ ಕರೆದೆ. "ಹುಡುಗ್ಯಾರನ್ನ ಬಿಟ್ಟು ಬಂದ್ರ ಉಡಿಯಕ್ಕಿ ಕೊಡಂಗಿಲ್ಲ" ಎಂದು ಹೆದರಿಸಿಯೂ ಬಂದೆ.

ಮಗ ಬೆಳಗಾವಿಯಲ್ಲಿ ಶಿವಬಸವ ನಗರದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾನೆ, ದಿನಾ ಬಸ್ಸಿಗೆ ಹೋಗಿ ಬರುತ್ತಾನೆ. ಸುದ್ದಿ ಅವನಿಗೆ ಬಸ್ಸಿನಲ್ಲೇ ಸಿಕ್ಕಿತ್ತು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಅವ್ವಾ, ಆರತಿ ಮನ್ಯಾಗ ಇಂಥಾ ಮಾತ ಆಡಸ್ತೀಯೇನ? ಮಂದಿ ಏನಂತಾರ?"

"ಮಂದಿಗೆ ನಾವಽ ಹೇಳಾಕತ್ತೀವಲ್ಲೋ, ನಮ್ಮ ಹುಡುಗಿ ದೊಡ್ಡಾಕಿ ಆಗ್ಯಾಳ, ಬರ್ರಿ ನೋಡ್ರಿ ಅಂತ! ಊರಿಗೆಲ್ಲ ಹೇಳೂದು, ಆಕಿಗೆ ಒಬ್ಬಾಕಿಗೆ ಏನೂ ಹೇಳಬಾರ್ದು, ಹೌದಿಲ್ಲೋ?"

ಅವನು ಕೈಕಾಲು ತೊಳೆಯಲು ಹೋದ. ಸೊಸೆ ಒಲೆಯ ಮುಂದೆ ಕುಳಿತು ತಲೆ ಎತ್ತದೆ ನಕ್ಕಳು.

ರವಿವಾರ ಪಡಸಾಲೆ ತುಂಬಿತು. ಮೊಮ್ಮಗಳಿಗೆ ಹಸಿರು ಸೀರೆ ಉಡಿಸಿ, ಹೂವಿನಿಂದ ಸಿಂಗರಿಸಿದ ಖುರ್ಚಿಯಲ್ಲಿ ಕೂರಿಸಿದೆವು. ಹಾಡು ಹೇಳಿದೆವು, ಉಡಿ ತುಂಬಿದೆವು. ಇನ್ನು ಆರತಿ ಎತ್ತಬೇಕು. ಆರತಿ ಎತ್ತದೆ ಯಾವ ಹೆಂಗಸೂ ಎದ್ದು ಹೋಗುವಂತಿಲ್ಲ, ಅದು ನಮ್ಮ ಪದ್ಧತಿ. ನಾನು ಆರತಿಯ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟೆ.

"ಮೊದಲ ನರ್ಸಬಾಯಿ ಮಾತಾಡ್ತಾಳ. ಆಮ್ಯಾಲ ಆರತಿ."

ಬಾಗಿಲ ಬಳಿ ಇದ್ದ ಒಬ್ಬಳು, "ಎಮ್ಮಿ ಹಿಂಡೂ ಹೊತ್ತಾತ ಯಕ್ಕಾ" ಎಂದಳು.

"ನಿನ್ನ ಎಮ್ಮಿಗೆ ಎಲ್ಲಾ ಗೊತ್ತೈತಿ. ನಿನ್ನ ಮಗಳಿಗೆ ಗೊತ್ತಿಲ್ಲ. ಕುಂದರ್."

ನರ್ಸಬಾಯಿ ಗೋಡೆಗೆ ಚಿತ್ರ ಹಚ್ಚಿದಳು. ಕನ್ನಡದಲ್ಲಿ ಒಮ್ಮೆ ಹೇಳುವಳು, ಮರಾಠಿಯಲ್ಲಿ ಒಮ್ಮೆ ಹೇಳುವಳು. ನಾಚಿಕೆ ಎರಡೂ ಭಾಷೆಯಲ್ಲಿ ಒಂದೇ ಥರ, ಎಲ್ಲರೂ ಬಳೆ ತಿರುಗಿಸುತ್ತ ಕುಳಿತರು. ಮುಟ್ಟು ಯಾಕೆ ಬರುತ್ತದೆ, ಕೂಸು ಎಲ್ಲಿ ಕೂರುತ್ತದೆ, ಹೇಗೆ ಆಗುತ್ತದೆ, ಎಲ್ಲ ಹೇಳಿದಳು. "ಹದಿನೆಂಟರ ಒಳಗ ಯಾರೂ ಮುಟ್ಟಬಾರ್ದು. ನೀವು ಹೂಂ ಅಂದ್ರೂ ಮುಟ್ಟಿದಾಂವಂದ ತಪ್ಪು. ಮಾವ ಇರ್ಲಿ, ಕಾಕಾ ಇರ್ಲಿ, ಒದರ್ರಿ. ತಿಂಗಳ ತಪ್ಪಿದ್ರ ಮುಚ್ಚಿಡಬ್ಯಾಡ್ರಿ, ನನ್ನ ಕಡೆ ಬರ್ರಿ, ನಾ ಬೈಯಂಗಿಲ್ಲ."

ಮೊದಲ ಪ್ರಶ್ನೆ ಹುಡುಗಿಯರದಲ್ಲ, ಪಂಚಾಯತಿ ಅಧ್ಯಕ್ಷರ ಹೆಂಡತಿಯದು. "ಹಂಗಾದ್ರ ಹೆಣ್ಣ ಹುಟ್ಟೂದು ನಮ್ಮ ಕೈಯಾಗ ಇಲ್ಲೇನ್ರಿ?"

"ಇಲ್ರಿ. ಅದು ಗಂಡಸಿನ ಕಡಿಂದ ಬರ್ತೈತಿ."

"ಮೂರು ಹೆಣ್ಣಿಗೆ ಮೂರು ಸಲ ಬೈಸ್ಕೊಂಡೇನಲ್ಲವ್ವಾ! ಇವತ್ತ ಮನಿಗೆ ಹೋಗ್ತೇನಿ, ತಡೀರಿ!"

ಪಡಸಾಲೆ ಎದ್ದು ಬಿದ್ದು ನಕ್ಕಿತು. ಅಲ್ಲಿಂದ ತಡೆಯೇ ಇಲ್ಲ. ಒಬ್ಬಳ ಮೇಲೆ ಒಬ್ಬಳು ಬಿದ್ದು ಕೇಳಿದರು, ಹುಡುಗಿಯರೂ ಕೇಳಿದರು. ಹೊರಗಿನ ಕಟ್ಟೆಯ ಮೇಲೆ ಕುಳಿತ ಗಂಡಸರು, "ಒಳಗ ಏನ್ ನಡದೈತ್ರಿ?" ಎಂದು ಕೂಗಿದರೆ ನನ್ನ ಸೊಸೆ, ಬಾಯಿಲ್ಲದ ನನ್ನ ಸೊಸೆ, "ಆರತಿ!" ಎಂದು ಕೂಗಿದಳು. ಇಷ್ಟು ವಯಸ್ಸಾಯಿತು, ಇಂಥ ಆರತಿ ಕಂಡಿರಲಿಲ್ಲ.

ಕಡೆಗೆ ಖುರ್ಚಿಯಲ್ಲಿದ್ದ ಮೊಮ್ಮಗಳು ಕೈ ಎತ್ತಿದಳು, ಶಾಲೆಯಲ್ಲಿ ಎತ್ತುವ ಹಾಗೆ. "ನರ್ಸಬಾಯಿ, ನನ್ನ ಗೆಳತಿಗೆ ಇದನ್ನ ಮೊದಲಽ ಯಾಕ ಹೇಳಲಿಲ್ಲರಿ?"

ಆ ಗೆಳತಿಯ ಅವ್ವ ಮೂಲೆಯಲ್ಲೇ ಕುಳಿತಿದ್ದಳು. ನಾನು ತಾಟನ್ನು ಅವಳ ಕೈಗೆ ಕೊಟ್ಟೆ. ಆರತಿಯನ್ನು ಅವಳೇ ಎತ್ತಿದಳು.

ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಪಂಚಾಯತಿ ಕಟ್ಟೆಯ ಮೇಲೆ ಕುಳಿತಿದ್ದೆ. ಅಧ್ಯಕ್ಷರು ಬಂದರು, ಮುಖ ಸಪ್ಪಗಿತ್ತು. ಮನೆಯಲ್ಲಿ ಮೂರು ಹೆಣ್ಣಿನ ಲೆಕ್ಕ ಆಗಿರಬೇಕು.

"ಬರೂ ವರ್ಷ ಆ ದುಡ್ಡು ಮತ್ತ ಬರೂ ಹಂಗ ಸರಕಾರಕ್ಕ ಬರೀರಿ," ಎಂದೆ. "ಶಾಮಿಯಾನ ಬ್ಯಾಡ, ಶಾಲು ಬ್ಯಾಡ. ನರ್ಸಬಾಯಿಗೆ ಕೊಡ್ರಿ. ಪಡಸಾಲಿ ನಮ್ಮದು."

"ಹೂಂ ಆಯಿ, ಬರೀತೇನಿ. ನೀವ್ ಮೊದಲ ಮನಿಗೆ ನಡೀರಿ."

ಅವರು ಬರೆಯುವ ತನಕ ನಾನು ಏಳಲಿಲ್ಲ. ಆಮೇಲೆ ಶಾಲೆಯ ಗೋಡೆಗೆ ಇನ್ನೂ ತೂಗುತ್ತಿದ್ದ ಬ್ಯಾನರು ಕಿತ್ತು ತಂದು ಮಾಳಿಗೆಯ ಮೇಲೆ ಹಾಸಿದೆ. ಅದರ ಮೇಲೆ ಮೊಮ್ಮಗಳೂ ನಾನೂ ಕೂಡಿ ಮೆಣಸಿನಕಾಯಿ ಒಣಗಲು ಹಾಕಿದೆವು.