ಮೂಲೆಯಲ್ಲಿದ್ದ ನಂಬರು

ಜುಲೈ ಒಂಬತ್ತು, ಬುಧವಾರ. ಬೆಳಿಗ್ಗೆಯಿಂದ ಮೋಡ, ಮಳೆಯಿಲ್ಲ. ರೋಗಿಗಳ ಸುರಕ್ಷತೆಯ ಬಗ್ಗೆ ಸಿಬ್ಬಂದಿಯ ಮನೋಭಾವ ಅಳೆಯಲೆಂದು ಒಂಟಿಕೊಪ್ಪಲಿನ ಆಸ್ಪತ್ರೆಯೊಂದರಲ್ಲಿ ನರ್ಸುಗಳಿಗೆ ನಮ್ಮ ಸಮೀಕ್ಷಾ ಸಂಸ್ಥೆಯ ಪ್ರಶ್ನೆಗಳ ಹಾಳೆ ಹಂಚಿದ್ದೆ. ಹೆಸರು ಬರೆಯಬೇಕಿಲ್ಲ, ಧೈರ್ಯವಾಗಿ ಉತ್ತರಿಸಿ ಎಂದಿದ್ದೆ. ‘ತಪ್ಪು ಒಪ್ಪಿಕೊಂಡವರಿಗೆ ಇಲ್ಲಿ ಶಿಕ್ಷೆಯಾಗುತ್ತದೆಯೇ?’ ಎಂಬ ಪ್ರಶ್ನೆಗೆ ಎಲ್ಲರೂ ‘ಇಲ್ಲ’ ಎಂದೇ ಗುರುತು ಹಾಕಿದ್ದರು. ಅಂಥ ಸ್ವರ್ಗವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಹಿರಿಯ ನರ್ಸ್ ನಾಗರತ್ನ ಮಾತ್ರ ಹಾಳೆಯನ್ನು ಖಾಲಿಯಾಗಿಯೇ ವಾಪಸ್ಸು ಕೊಟ್ಟರು.

“ಹೆಸರು ಬೇಡ ಅಂತೀರಿ. ಮತ್ತೆ ಮೂಲೇಲಿ ಈ ಹದಿನೇಳು ಯಾಕೆ? ಹಾಜರಿ ಪುಸ್ತಕದಲ್ಲೂ ನಾನು ಹದಿನೇಳೇ ಕಣ್ರೀ.”

ಹಾಳೆ ಕಳೆದುಹೋಗದಿರಲಿ ಎಂದು ಹಾಜರಿ ಪುಸ್ತಕ ನೋಡಿಕೊಂಡೇ ನಂಬರು ಹಾಕಿದ್ದೆ. ಯಾವ ಉತ್ತರ ಯಾರದೆಂದು ಅದರಿಂದ ಯಾರು ಬೇಕಾದರೂ ಕಂಡುಹಿಡಿಯಬಹುದಿತ್ತು. ನನಗದು ಹೊಳೆದೇ ಇರಲಿಲ್ಲ.

“ತಪ್ಪು ನನ್ನದೇ ಸಿಸ್ಟರ್. ಇವನ್ನೆಲ್ಲ ಹರಿದುಹಾಕಿ ಹೊಸದು ತರ್ತೀನಿ.”

“ಇದನ್ನ ನಿಮ್ಮ ಆಫೀಸಲ್ಲೂ ಹೇಳ್ಬುಡ್ತೀರಾ?”

“ಹೇಳ್ತೀನಿ.”

“ಹೇಳಿ, ನೋಡೋಣ. ಆಮೇಲೆ ನಾವು ಬರೀತೀವಿ.”

ಹೇಳಿದೆ. ಮರುವಾರ ನಂಬರಿಲ್ಲದ ಹಾಳೆಗಳೊಂದಿಗೆ ಹೋದಾಗ ನರ್ಸುಗಳೆಲ್ಲ ಪೆನ್ನಿನ ಮುಚ್ಚಳ ತೆಗೆಯದೆ ನನ್ನ ಮುಖವನ್ನೇ ನೋಡುತ್ತಿದ್ದರು.

“ಏನಂದ್ರು ಸಾರ್, ನಿಮ್ಮ ಸಾಹೇಬ್ರು?” ನಾಗರತ್ನ ಕೇಳಿದರು.

“ಒಪ್ಪಿಕೊಂಡಿದ್ದಕ್ಕೆ ತುಂಬ ಮೆಚ್ಚಿಕೊಂಡ್ರು.”

“ಅದು ಸರಿ. ಆಮೇಲೆ?”

ಸುಳ್ಳು ಹೇಳಿದರೆ ಸಮೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು.

“ಹೊಸ ಹಾಳೆಗಳ ಜೆರಾಕ್ಸ್ ಖರ್ಚು ಮುನ್ನೂರ ಎಪ್ಪತ್ತು ರೂಪಾಯಿ. ನನ್ನ ಸಂಬಳದಲ್ಲೇ ಹಿಡಿದುಕೊಂಡ್ರು.”

ವಾರ್ಡಿನಲ್ಲಿ ನಗುವೆದ್ದಿತು. ಪೆನ್ನುಗಳ ಮುಚ್ಚಳವೂ ತೆರೆಯಿತು.