ಹಜಾರದ ರೈಲು

ಹೊಲ ಇದ್ದಷ್ಟು ದಿನ ನಮ್ಮ ಮಾವ ಹೊಲ ಉತ್ತರು. ಹೊಲವೆಲ್ಲ ಲೇಔಟ್ ಆಗಿ ನಮ್ಮ ಬಾಡಿಗೆಮನೆಗಳು ಎದ್ದ ಮೇಲೆ ರೈಲು ಬಿಡತೊಡಗಿದರು. ತಮಾಷೆಗೆ ಹೇಳುತ್ತಿಲ್ಲ. ರಿಚರ್ಡ್ಸ್ ಟೌನಿನಲ್ಲಿ ಹಳೇ ಬಂಗಲೆ ಖಾಲಿ ಮಾಡುತ್ತಿದ್ದವರಿಂದ ಬೀರು ಕೊಳ್ಳಲು ಹೋದವರು, ಅದರೊಳಗಿದ್ದ ಜರ್ಮನಿಯ ಆಟದ ರೈಲನ್ನೂ ಹೊತ್ತು ತಂದರು. ಡಬ್ಬಿಯಲ್ಲಿ ನೇರ ಹಳಿಗಳಷ್ಟೇ ಇದ್ದವು, ಬಾಗಿದ ಹಳಿ ಒಂದೂ ಇರಲಿಲ್ಲ. ಕೆ.ಆರ್. ಪುರದ ನಮ್ಮ ಮನೆಯ ಹಜಾರದಲ್ಲಿ ಗೋಡೆಗುಂಟ ಬೆಂಚು ಜೋಡಿಸಿ ಅದರ ಮೇಲೆ ಉದ್ದಕ್ಕೆ ಹಾಸಿಸಿದರು. ದೇವರಮನೆ ಕಡೆಯ ತುದಿ ಕೆ.ಆರ್. ಪುರ, ಬಾಗಿಲ ಕಡೆಯದು ಕಂಟೋನ್ಮೆಂಟ್. ಸುತ್ತು ಹೊಡೆಯಲು ದಾರಿಯಿಲ್ಲದ ಆ ರೈಲು ತುದಿ ಮುಟ್ಟಿದಾಗಲೆಲ್ಲ ದಿಕ್ಕು ಬದಲಿಸಲೇಬೇಕು. ಆ ಕೆಲಸಕ್ಕೆ ನಾನು ಸಿಕ್ಕಿಬಿದ್ದೆ.

ತೊಂಬತ್ತರ ದಶಕದ ಕೊನೆ ಅದು. ಬಿ.ಎಸ್ಸಿ. ಮುಗಿಸಿ ಆ ಮನೆಗೆ ಸೊಸೆಯಾಗಿ ಬಂದಿದ್ದೆ. "ಬಾಡಿಗೆ ಬತ್ತದೆ, ನಮ್ಮನೆ ಹೆಣ್ಮಕ್ಳು ಯಾಕಮ್ಮ ದುಡಿಯಾಕೆ ಹೋಗ್ಬೇಕು?" ಎನ್ನುವುದು ಮಾವನ ಮಾತು. "ಅಪ್ಪನ್ನ ಕೇಳು" ಎನ್ನುವುದು ನನ್ನ ಗಂಡನ ಮಾತು. ಯಾವ ವಿಷಯಕ್ಕೂ ಅವರ ಬಳಿ ಅದೊಂದೇ ಮಾತಿತ್ತು.

ಮಾವನಿಗೆ ಸಣ್ಣಗೆ ಲಕ್ವ ಹೊಡೆದು ಬಲಗೈ ನಡುಗುತ್ತಿತ್ತು. ಹಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಗುಂಡಿ ತಿರುಗಿಸಿ ಓಡಿಸುವುದು ಬರುತ್ತಿತ್ತು, ವಾಪಸು ಕಳಿಸುವುದು ಆಗುತ್ತಿರಲಿಲ್ಲ. "ಮೊಂಡು ಮುಂಡೇದು, ಹೋದ ಕಡೆಗೇ ಹೋಗ್ತದೆ" ಎಂದು ಎಂಜಿನ್ನಿಗೆ ಬೈಯುತ್ತಿದ್ದರು. ಬೈಗುಳ ಕೇಳಲಾರದೆ ಒಂದು ದಿನ ನಾನೇ ಕೂತು ನೋಡಿದೆ. ಗುಂಡಿಯನ್ನು ಸೊನ್ನೆಗಿಂತ ಹಿಂದಕ್ಕೆ ಒತ್ತಿ ಬಿಟ್ಟರೆ ಹಳಿಯಲ್ಲಿ ಒಂದು ಕ್ಷಣ ಜೋರು ಕರೆಂಟು ಹರಿದು, ಎಂಜಿನ್ನಿನೊಳಗೆ ಸಣ್ಣ ಕೊಕ್ಕೆಯೊಂದು ಕಟ್ ಎಂದು ಮಗುಚಿಕೊಳ್ಳುತ್ತದೆ. ಅಷ್ಟಾದರೆ ದಿಕ್ಕು ಬದಲಾಯಿತು. ಮಾವನ ಕೈ ನಡುಗಿ ಎರಡು ಸಲ ಒತ್ತಿ ಹೋಗುತ್ತಿತ್ತು. ಎರಡು ಸಲ ಮಗುಚಿದ ಕೊಕ್ಕೆ ಮೊದಲಿದ್ದಲ್ಲಿಗೇ ಬರುತ್ತಿತ್ತು. ಎಂಜಿನ್ನಿನದು ಏನೂ ತಪ್ಪಿರಲಿಲ್ಲ.

ಆ ಕೊಕ್ಕೆ ನನಗೆ ತುಂಬ ಹಿಡಿಸಿತು. ಕರೆಂಟು ಹೋಗಿ ಗಂಟೆಗಟ್ಟಲೆ ಬರದಿದ್ದರೂ ಅದು ಇದ್ದಲ್ಲೇ ಇರುತ್ತಿತ್ತು. ಕರೆಂಟು ಬಂದೊಡನೆ ರೈಲು ಯಾವ ಕಡೆ ಹೊರಟಿತ್ತೋ ಆ ಕಡೆಗೇ ಹೊರಡುತ್ತಿತ್ತು. ಬಾಡಿಗೆಮನೆ ಮಕ್ಕಳಿಗೆ ಅವರಪ್ಪ ಶಿವಾಜಿನಗರದಿಂದ ತಂದ ಬ್ಯಾಟರಿ ರೈಲಿಗೆ ಅಂಥ ಜ್ಞಾಪಕವೇ ಇರಲಿಲ್ಲ. ಹಳಿಗೆ ವೈರು ಹೇಗೆ ಸಿಕ್ಕಿಸಿದರೆ ಹಾಗೆ ಓಡುತ್ತಿತ್ತು. ನನ್ನ ಗಂಡ ಆ ಜಾತಿ ಎಂದು ಮನಸ್ಸಿನಲ್ಲೇ ನಕ್ಕೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ನನಗೆ ಬರುತ್ತದೆಂದು ಗೊತ್ತಾದ ಮೇಲೆ ಮಧ್ಯಾಹ್ನದ ಊಟವಾಗುತ್ತಲೇ "ಬಾಮ್ಮಾ, ರೈಲಿಗೆ ಹೊತ್ತಾಯ್ತು" ಎಂಬ ಕರೆ. ಸಂಜೆ ದೀಪ ಹಚ್ಚುವವರೆಗೆ ಸ್ಟೂಲಿನ ಮೇಲೆ ಕೂತು ಕಂಟೋನ್ಮೆಂಟಿನಿಂದ ಕೆ.ಆರ್. ಪುರ, ಕೆ.ಆರ್. ಪುರದಿಂದ ಕಂಟೋನ್ಮೆಂಟ್. ನಾನು ಮಾತ್ರ ಹೊಸಿಲು ದಾಟುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿ ಬಿಸಾಡಬೇಕೆನ್ನುವಷ್ಟು ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಸಿ.ವಿ. ರಾಮನ್ ನಗರದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್ ಬೇಕೆಂದು ಗೆಳತಿ ತಿಳಿಸಿದಳು. ಜೂನ್‌ನಲ್ಲಿ ಶಾಲೆ ತೆರೆಯುವ ದಿನ ಬಂದರೆ ಕೆಲಸ ನನ್ನದು, ಇಲ್ಲವಾದರೆ ಬೇರೆಯವರದು. ಹೇಗೋ ಧೈರ್ಯ ಮಾಡಿ ಮಾವನನ್ನು ಕೇಳಿದೆ. ಬಾಡಿಗೆಯ ಮಾತು, ಮನೆತನದ ಮಾತು ಬರುತ್ತದೆಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವರು ಹಳಿ ನೋಡುತ್ತಾ, "ನೀನು ಹೊಂಟೋದ್ರೆ ಇದನ್ನ ತಿರುಗ್ಸೋರು ಯಾರಮ್ಮಾ?" ಎಂದರು.

"ಅತ್ತೆಗೆ ಕಲಿಸ್ಕೊಡ್ತೀನಿ ಮಾವ" ಎಂದುಬಿಟ್ಟೆ.

ಮಾವ ಜೋರಾಗಿ ನಕ್ಕರು. ಅತ್ತೆ ಒಳಗಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಎಂಜಿನ್ನು ಪೂರ್ತಿ ನಿಲ್ಲಬೇಕು, ಒಂದೇ ಸಲ ಒತ್ತಬೇಕು, ತಕ್ಷಣ ಬಿಡಬೇಕು ಎಂದು ಹೇಳಿದೆ. ಕಾವಲಿ ಕಾದಿದೆಯಾ ಎಂದು ನೋಡುವವರಂತೆ ಅವರು ಗುಂಡಿಯನ್ನು ಹಾಗೆ ಒತ್ತಿ ಹೀಗೆ ಬಿಟ್ಟರು. ಕಟ್. ರೈಲು ಹಿಂದಕ್ಕೆ ಹೊರಟಿತು. ಮೊದಲನೇ ಸಲಕ್ಕೇ ಬಂದುಬಿಟ್ಟಿತು!

"ಇಷ್ಟೇನಾ? ಹೋಗಮ್ಮ ನೀನು. ನಾನು ನೋಡ್ಕೊತೀನಿ" ಎಂದರು ಅತ್ತೆ. ಮಾವ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡರು.

ಜೂನ್‌ನಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸ್ಸಿನ ನೂಕುನುಗ್ಗಲು, ಸೀಮೆಸುಣ್ಣದ ಧೂಳು, ಮಕ್ಕಳ ಗಲಾಟೆ, ಎಲ್ಲವೂ ಹಬ್ಬ. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬೇಗ ಮನೆಗೆ ಬಂದೆ. ಮಾವ ಕುರ್ಚಿಯಲ್ಲಿ, ಅತ್ತೆ ನನ್ನ ಸ್ಟೂಲಿನ ಮೇಲೆ. "ಕಂಟೋನ್ಮೆಂಟ್ ಬಂತು, ತಿರುಗ್ಸೇ" ಎಂದರು ಮಾವ. ಅತ್ತೆ ರೈಲನ್ನು ನೋಡಲೇ ಇಲ್ಲ, ಕೈ ತಾನಾಗಿ ಗುಂಡಿ ಒತ್ತಿತು. ಅವರ ಕಣ್ಣು ಕಿಟಕಿಯಾಚೆ ಇತ್ತು. ನಾನು ಸೊಸೆಯಾಗಿ ಬಂದ ಮೇಲೆ, ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ, ಅವರಿಗೆ ಮಧ್ಯಾಹ್ನಗಳು ಸಿಕ್ಕಿದ್ದವು. ಊಟದ ಪಾತ್ರೆ ತೊಳೆದಿಟ್ಟು ಹಿಂದಿನ ಬೀದಿಯ ತಂಗಿಯ ಮನೆಗೆ ಹೋಗಿ, ಎಲೆ ಅಡಿಕೆ ಹಾಕಿಕೊಂಡು ಹರಟಿ ಬರುತ್ತಿದ್ದರು. ಅದನ್ನು ನಾನೇ ಕಿತ್ತುಕೊಂಡಿದ್ದೆ ಎಂಬುದು ನನಗೆ ಆವತ್ತು ಹೊಳೆಯಿತು.

ಅವರು ನನ್ನನ್ನು ಬೈಯಲಿಲ್ಲ. ಮಾವನಿಗೆ ಕೇಳಿಸದ ಹಾಗೆ, "ನಿಮ್ ಸ್ಕೂಲಿಗೆ ದಸರಾ ರಜಾ ಯಾವಾಗಿಂದಮ್ಮಾ?" ಎಂದರು.

"ಇನ್ನೂ ದೂರ ಇದೆ ಅತ್ತೆ" ಎಂದೆ.